‘ಏನ್ ಬಾಕಿ ಐತಿ?’: ದಾವಣಗೆರೆಯ ಕಾಲೇಜೊಂದರ ದಾಖಲೆ ಪಟ್ಟಿ

ಜೂನ್ ತಿಂಗಳ ಒಂದು ಸೋಮವಾರ. ಅಡ್ಮಿಷನ್ ಶುರುವಾಗಿ ಮೂರನೇ ದಿನ. ವಿದ್ಯಾನಗರದ ಒಂದು ಹೋಟೆಲಿನಲ್ಲಿ ಬೆಣ್ಣೆ ದೋಸೆಗೆ ಹೇಳಿ ಕೂತಿದ್ದೆ. ಕಾಲೇಜಿನ ಆಫೀಸಿನಿಂದ ಫೋನ್ ಬಂತು.

“ತಮ್ಮಾ, ನಿನ್ ಪ್ರೋಗ್ರಾಂಗೆ ಏನೋ ಆಗೈತಿ ನೋಡು. ಎಲ್ಲಾ ತಂದ ಹುಡುಗಿಗೆ ಕೆಂಪು ತೋರಿಸ್ತೈತಿ. ಟಿ.ಸಿ.ನೇ ತರದ ಹುಡುಗನಿಗೆ ಹಸಿರು. ಫೀ ಬೇರೆ ಕಟ್ಟಿಸ್ಕೊಂಡ್ ಬಿಟ್ಟಾರೆ.”

ಮಾತಾಡಿದ್ದು ಅಲ್ಲಿನ ಹಿರಿಯ ಗುಮಾಸ್ತೆ. ನಾನು ಅದೇ ಕಾಲೇಜಿನಲ್ಲಿ ಓದಿದವನು. ಅವರನ್ನು ಆಗಿನಿಂದಲೂ ಅಕ್ಕಾ ಅಂತಲೇ ಕರೆಯುವುದು. ದೋಸೆ ಪಾರ್ಸೆಲ್ ಮಾಡಿಸಿಕೊಂಡು ಹೊರಟೆ. ಬೆಣ್ಣೆ ದೋಸೆಯನ್ನು ಪಾರ್ಸೆಲ್ ಮಾಡಿಸಬಾರದು, ಅದು ಬೇರೆ ವಿಷಯ.

ಪ್ರೋಗ್ರಾಂ ನಾನೇ ಹಿಂದಿನ ವರ್ಷ ಬರೆದುಕೊಟ್ಟದ್ದು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ, ಇನ್ನೂರು ಸಾಲೂ ಇಲ್ಲ. ಅಡ್ಮಿಷನ್‌ಗೆ ಬಂದವರು ಏನೇನು ದಾಖಲೆ ಕೊಟ್ಟರು ಅಂತ ಗುಮಾಸ್ತರು ಟೈಪ್ ಮಾಡುತ್ತಾರೆ. ಆ ಕೋರ್ಸಿಗೆ ಬೇಕಾದದ್ದೆಲ್ಲ ಅದರಲ್ಲಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಹಸಿರು ಬಂದರೆ ಫೀ ಕಟ್ಟಲು ಮುಂದಿನ ಕಿಟಕಿಗೆ. ಕೆಂಪು ಬಂದರೆ ವಾಪಸ್ ಊರಿಗೆ. ಜಗಳೂರಿನಿಂದಲೋ ಚನ್ನಗಿರಿಯಿಂದಲೋ ಅಪ್ಪನ ಜೊತೆ ಬೆಳಿಗ್ಗೆ ಬಸ್ಸು ಹತ್ತಿ ಬಂದವರಿಗೆ ಒಂದು ಕೆಂಪು ಅಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ.

ಗಣಿತದ ಪುಸ್ತಕದಲ್ಲಿ ಇದು ಒಂದೇ ಸಾಲಿನ ವಿಷಯ. ಪ್ರಥಮ ಪಿಯುಸಿ ಗಣಿತದ ಮೊದಲ ಪಾಠವೇ ಗಣಗಳು. ಅಲ್ಲಿ ಬರುವ ಉಪಗಣವೇ ಇದು. ‘ಬೇಕು’ ಅನ್ನುವ ಗಣದಲ್ಲಿರುವ ಪ್ರತಿಯೊಂದೂ ‘ಕೊಟ್ಟ’ ಅನ್ನುವ ಗಣದಲ್ಲಿ ಇದ್ದರೆ ಮೊದಲನೆಯದು ಎರಡನೆಯದರ ಉಪಗಣ. ಕೊಟ್ಟದ್ದರಲ್ಲಿ ಹೆಚ್ಚಿಗೆ ಏನಿದ್ದರೂ ತಕರಾರಿಲ್ಲ. ಗಣಕ್ಕೆ ಪೈಥಾನ್‌ನಲ್ಲಿ ಸೆಟ್ ಅನ್ನುತ್ತಾರೆ, ಅದು 2004ರಲ್ಲಿ ಬಂದ 2.4 ಆವೃತ್ತಿಯಿಂದ ಭಾಷೆಯಲ್ಲೇ ಇದೆ. ನಾನು ಬರೆದ ಸಾಲು ಹೀಗಿತ್ತು:

ಬೇಕು <= ಕೊಟ್ಟ

ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಹಾಗೇ ಇಟ್ಟಿದ್ದೆ. ಮಧ್ಯದ ಗುರುತು ಎರಡು ಸಂಖ್ಯೆಗಳ ನಡುವೆ ಬಂದರೆ ‘ಚಿಕ್ಕದಾ ಅಥವಾ ಸಮವಾ’ ಅಂತ ಕೇಳುತ್ತದೆ. ಎರಡು ಸೆಟ್‌ಗಳ ನಡುವೆ ಬಂದರೆ ‘ಉಪಗಣವಾ’ ಅಂತ ಕೇಳುತ್ತದೆ. ಹೋದ ವರ್ಷದ ಅಡ್ಮಿಷನ್ ಪೂರ್ತಿ ಇದೇ ಸಾಲಿನ ಮೇಲೆ ನಡೆದಿತ್ತು. ಬಣ್ಣದ ಬಗ್ಗೆ ಒಂದು ದೂರು ಬಂದಿರಲಿಲ್ಲ.

ಆಫೀಸಿಗೆ ಹೋಗಿ ಕೂತಾಗ ನನ್ನ ಮೊದಲ ಮಾತು, “ಅಕ್ಕಾ, ಆ ಸಾಲು ನಾನು ಮುಟ್ಟೇ ಇಲ್ಲ.” ಅದು ನಿಜ. ಆದರೆ ಮೇ ತಿಂಗಳಲ್ಲಿ ಬೇರೊಂದು ಕಡೆ ಕೈ ಹಾಕಿದ್ದೆ.

ಅಕ್ಕನದು ಒಂದು ಹಳೆಯ ದೂರಿತ್ತು. ರಸೀದಿಯಲ್ಲಿ ದಾಖಲೆಗಳ ಪಟ್ಟಿ ದಿನಕ್ಕೊಂದು ಕ್ರಮದಲ್ಲಿ ಬರುತ್ತದೆ. ಇವತ್ತು ಟಿ.ಸಿ. ಮೇಲೆ, ನಾಳೆ ಆಧಾರ್ ಮೇಲೆ. ಟಿಕ್ ಹಾಕುವಾಗ ಕಣ್ಣು ತಪ್ಪುತ್ತದೆ. ಇದು ಪೈಥಾನ್ ಬೇಕೆಂದೇ ಮಾಡುವ ಕೆಲಸ. ಸೆಟ್‌ನಲ್ಲಿ ಕ್ರಮ ಅನ್ನುವುದೇ ಇಲ್ಲ. ಒಳಗೆ ಪ್ರತಿ ಪದಕ್ಕೂ ಒಂದು ಹ್ಯಾಶ್ ಸಂಖ್ಯೆ ಲೆಕ್ಕ ಹಾಕಿ, ಆ ಸಂಖ್ಯೆಯ ಪ್ರಕಾರ ಪದವನ್ನು ಒಂದು ಗೂಡಿನಲ್ಲಿ ಇಡುತ್ತದೆ. ಆ ಲೆಕ್ಕ ಮೊದಲೇ ಗೊತ್ತಿದ್ದರೆ, ಎಲ್ಲವೂ ಒಂದೇ ಗೂಡಿಗೆ ಬೀಳುವಂಥ ಪದಗಳನ್ನು ಕಳಿಸಿ ಯಾರಾದರೂ ಸರ್ವರನ್ನು ಒದ್ದಾಡಿಸಬಹುದು. ಹಾಗಾಗದಿರಲಿ ಅಂತ 3.3 ಆವೃತ್ತಿಯಿಂದ ಪ್ರೋಗ್ರಾಂ ಶುರುವಾದಾಗಲೆಲ್ಲ ಪದಗಳ ಹ್ಯಾಶ್ ಬದಲಾಗುತ್ತದೆ. ದಿನಾ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ದಿನಾ ಹೊಸ ಕ್ರಮ. ನಮ್ಮ ಅಕ್ಕನಿಗೆ ತಲೆನೋವು ತಂದದ್ದು ಯಾವುದೋ ದೇಶದ ಸರ್ವರ್ ಕಾಯುವ ಉಪಾಯ!

ನಾನು ಸುಲಭದ ದಾರಿ ಹಿಡಿದೆ. ಸೆಟ್ ತೆಗೆದು ಲಿಸ್ಟ್, ಅಂದರೆ ಇಟ್ಟ ಕ್ರಮ ಉಳಿಸಿಕೊಳ್ಳುವ ಪಟ್ಟಿ, ಮಾಡಿದೆ. ಅದನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದೆ. ರಸೀದಿ ಚೆನ್ನಾಗಿ ಬಂತು, ಅಕ್ಕ ಖುಷಿಯಾದರು. ಹೋಲಿಸುವ ಸಾಲು ಮಾತ್ರ ಇದ್ದಲ್ಲೇ ಇತ್ತು.

ಎಡವಿದ್ದು ಇಲ್ಲೇ. ಎರಡು ಲಿಸ್ಟ್‌ಗಳ ನಡುವೆ ಅದೇ ಗುರುತು ಇಟ್ಟರೆ ಪೈಥಾನ್ ‘ಹೀಗೆಲ್ಲ ಕೇಳಬೇಡ’ ಅಂತ ಬೈಯುವುದಿಲ್ಲ. ಉತ್ತರ ಕೊಡುತ್ತದೆ. ಆದರೆ ಅದು ಬೇರೆ ಪ್ರಶ್ನೆಯ ಉತ್ತರ. ನಿಘಂಟಿನಲ್ಲಿ ಎರಡು ಪದಗಳಲ್ಲಿ ಯಾವುದು ಮೊದಲು ಬರುತ್ತದೆ ಅಂತ ನೋಡುತ್ತೇವಲ್ಲ, ಹಾಗೆ ಎರಡು ಪಟ್ಟಿಗಳನ್ನು ಮೊದಲಿಂದ ಒಂದೊಂದಾಗಿ ಹೋಲಿಸುತ್ತಾ ಹೋಗುತ್ತದೆ. ಮೊದಲು ಎಲ್ಲಿ ವ್ಯತ್ಯಾಸ ಸಿಗುತ್ತದೋ ಅಲ್ಲೇ ತೀರ್ಪು. ಮುಂದಕ್ಕೆ ನೋಡುವುದೇ ಇಲ್ಲ.

ಟಿ.ಸಿ. ತರದೆ ಹಸಿರು ಪಡೆದ ಹರಿಹರದ ಹುಡುಗನನ್ನೇ ತೆಗೆದುಕೊಳ್ಳಿ. ಸುಲಭಕ್ಕೆ ಬೇಕಾದದ್ದು ಮೂರೇ ಅಂದುಕೊಳ್ಳೋಣ: ಆಧಾರ್, ಜಾತಿ ಪ್ರಮಾಣಪತ್ರ, ಟಿ.ಸಿ. ಅವನು ಕೊಟ್ಟದ್ದು ಎರಡು: ಆಧಾರ್, ಬ್ಯಾಂಕ್ ಪಾಸ್‌ಬುಕ್. ಮೊದಲನೆಯದು ಎರಡರಲ್ಲೂ ಆಧಾರ್, ಸಮ. ಎರಡನೆಯದು ಒಂದು ಕಡೆ ‘ಜಾ’, ಇನ್ನೊಂದು ಕಡೆ ‘ಬ್ಯಾ’. ಅಕ್ಷರಮಾಲೆಯಲ್ಲಿ ಜ ಮೊದಲು, ಬ ಆಮೇಲೆ. ಅಂದರೆ ಬೇಕಾದ ಪಟ್ಟಿ ‘ಚಿಕ್ಕದು’. ಹಸಿರು! ಟಿ.ಸಿ.ವರೆಗೆ ಹೋಗಲೇ ಇಲ್ಲ.

ಜಗಳೂರಿನ ಹುಡುಗಿಯ ಕಥೆ ಇದಕ್ಕಿಂತ ಬೇಜಾರಿನದು. ಅವಳು ಮೂರನ್ನೂ ತಂದಿದ್ದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಥರ. ಅದಕ್ಕೇ ಯಾರೋ ತಿಳಿದವರ ಮಾತು ಕೇಳಿ ಒಂದು ಅಫಿಡವಿಟ್ ಕೂಡ ಮಾಡಿಸಿ ತಂದಿದ್ದಳು. ಜೋಡಿಸಿದಾಗ ಅವಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು ಅಫಿಡವಿಟ್. ಬೇಕಾದ ಪಟ್ಟಿ ಶುರುವಾಗುವುದು ಆಧಾರ್‌ನಿಂದ. ಅ ಮೊದಲು, ಆ ಆಮೇಲೆ. ಕೆಂಪು. ಹೆಚ್ಚಿಗೆ ಒಂದು ಕಾಗದ ತಂದದ್ದೇ ಅವಳ ತಪ್ಪಾಯಿತು.

ಹಾಗಾದರೆ ಮೊದಲ ಎರಡು ದಿನ ಯಾಕೆ ಗೊತ್ತಾಗಲಿಲ್ಲ? ಇದನ್ನೇ ಜಾಸ್ತಿ ಹೊತ್ತು ಯೋಚಿಸಿದೆ. ಕೇಳಿದ್ದನ್ನಷ್ಟೇ ಸರಿಯಾಗಿ ತಂದವರ ಪಟ್ಟಿ ಬೇಕಾದ ಪಟ್ಟಿಗೆ ಸಮ, ಹಾಗಾಗಿ ಹಸಿರು. ಅದು ಸರಿಯೇ. ಪಟ್ಟಿಯ ಕೊನೆಯಲ್ಲಿರುವ ಟಿ.ಸಿ. ಒಂದನ್ನೇ ಬಿಟ್ಟು ಬಂದವರ ಪಟ್ಟಿ ಗಿಡ್ಡ, ಹಾಗಾಗಿ ಕೆಂಪು. ಅದೂ ಸರಿ. ಬಹಳ ಜನ ಈ ಎರಡು ಗುಂಪಿನವರೇ. ಹೆಚ್ಚಿಗೆ ತಂದವರು, ಅಥವಾ ಒಂದರ ಬದಲು ಇನ್ನೊಂದು ತಂದವರು ಬಂದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಪೂರ್ತಿ ತಪ್ಪು ಹೇಳುವ ಪ್ರೋಗ್ರಾಂ ಮೊದಲ ಗಂಟೆಯಲ್ಲೇ ಸಿಕ್ಕಿಬೀಳುತ್ತದೆ. ಹತ್ತರಲ್ಲಿ ಒಂಬತ್ತು ಸಲ ಸರಿ ಹೇಳುವಂಥದ್ದು ಬಹಳ ದಿನ ಮರ್ಯಾದಸ್ಥನ ಹಾಗೆ ಓಡಾಡಿಕೊಂಡಿರುತ್ತದೆ.

ಸರಿಪಡಿಸುವುದು ಕಷ್ಟವಿರಲಿಲ್ಲ. ಹೋಲಿಸುವಾಗ ಸೆಟ್, ಮುದ್ರಿಸುವಾಗ ಲಿಸ್ಟ್. ಇನ್ನೊಂದು ಬದಲಾವಣೆಯನ್ನೂ ಮಾಡಿದೆ. ಗುರುತಿನ ಬದಲು ಇಸ್‌ಸಬ್‌ಸೆಟ್ ಅನ್ನುವ ಹೆಸರಿನ ಮೆಥಡ್, ಅಂದರೆ ಸೆಟ್‌ಗೇ ಅಂಟಿಕೊಂಡು ಬರುವ ಆಜ್ಞೆ, ಬಳಸಿದೆ. ಕೆಲಸ ಅದೇ. ಆದರೆ ಲಿಸ್ಟ್‌ಗೆ ಆ ಹೆಸರಿನ ಮೆಥಡ್ಡೇ ಇಲ್ಲ. ಮೇ ತಿಂಗಳಲ್ಲಿ ಹಾಗೆ ಬರೆದಿದ್ದಿದ್ದರೆ ಮೊದಲ ವಿದ್ಯಾರ್ಥಿಯ ಹೆಸರಿಗೇ ಪ್ರೋಗ್ರಾಂ ಎಡವಿ ಬೀಳುತ್ತಿತ್ತು, ನಾನು ಮನೆಯಲ್ಲೇ ಸರಿ ಮಾಡುತ್ತಿದ್ದೆ. ಬೇರೆ ಭಾಷೆಗಳಲ್ಲೂ ಇಂಥ ಗುಂಡಿಗಳಿವೆ. ಸಿ ಪ್ಲಸ್ ಪ್ಲಸ್‌ನ ಇನ್‌ಕ್ಲೂಡ್ಸ್ ಫಂಕ್ಷನ್‌ಗೆ ಎರಡೂ ಪಟ್ಟಿಗಳನ್ನು ಜೋಡಿಸಿಯೇ ಕೊಡಬೇಕು. ಕೊಡದಿದ್ದರೆ ಎಚ್ಚರಿಕೆಯನ್ನೇನೂ ಹೇಳದೆ ಏನೋ ಒಂದು ಉತ್ತರ ಕೊಟ್ಟುಬಿಡಬಹುದು. ಜಾವಾದ ಕಂಟೇನ್ಸ್‌ಆಲ್ ಯಾವ ಸಂಗ್ರಹದ ಮೇಲಾದರೂ ಸರಿಯಾದ ಉತ್ತರವನ್ನೇ ಕೊಡುತ್ತದೆ, ಉದ್ದನೆಯ ಲಿಸ್ಟ್ ಆದರೆ ನಿಧಾನ ಅಷ್ಟೆ. ಜಾವಾಸ್ಕ್ರಿಪ್ಟ್‌ನವರು ಬಹಳ ವರ್ಷ ಇದಕ್ಕೆ ಕೈಯಲ್ಲೇ ಲೂಪ್ ಬರೆಯುತ್ತಿದ್ದರು. ಈಗ 2025ರ ಮಾನಕದಲ್ಲಿ ಇಸ್‌ಸಬ್‌ಸೆಟ್‌ಆಫ್ ಸೇರಿದೆ.

ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಸರ್ ಬಂದರು. ವಿಷಯ ಕೇಳಿ, “ಇಷ್ಟೆಲ್ಲ ಯಾಕ್ರೀ? ಏಳು ಬೇಕು, ಏಳು ಬಂದಾವೆ ಅಂದ್ರೆ ಮುಗೀತು. ಎಣಿಸಿದ್ರೆ ಸಾಕಲ್ವಾ?” ಅಂದರು.

ಎಣಿಸುವುದು ಸಾಲದು ಅಂತ ಹೇಳಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಹಳೇ ಚಿತ್ರದುರ್ಗ ಜಿಲ್ಲೆಯಲ್ಲಿ ಇದ್ದದ್ದು 9 ತಾಲ್ಲೂಕು. ಆ ವರ್ಷ ಹುಟ್ಟಿದ ದಾವಣಗೆರೆ ಜಿಲ್ಲೆಯಲ್ಲಿ 6. ದುರ್ಗದಿಂದ ಒಡೆದು ಬಂದ ಜಿಲ್ಲೆ, ಆರು ಒಂಬತ್ತಕ್ಕಿಂತ ಕಡಿಮೆ, ಹಾಗಾದರೆ ಹೊಸದೆಲ್ಲ ಹಳೆಯದರ ಒಳಗಿನದ್ದೇ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ದುರ್ಗದಿಂದ ಬಂದದ್ದು ದಾವಣಗೆರೆ, ಹರಿಹರ, ಜಗಳೂರು ಮೂರೇ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಹರಪನಹಳ್ಳಿ ಬಳ್ಳಾರಿಯಿಂದ ಬಂದು, ಆಮೇಲೆ ವಾಪಸ್ಸೂ ಹೋಯಿತು. ಹೊಸ ಜಿಲ್ಲೆ ಹಳೆಯದರ ಉಪಗಣವಲ್ಲ. ಹಳೆಯದೂ ಹೊಸದರ ಉಪಗಣವಲ್ಲ. ಎರಡಕ್ಕೂ ಮೂರು ತಾಲ್ಲೂಕು ಸಾಮಾನ್ಯ, ಅಷ್ಟೆ.

ಸರ್‌ಗೆ ಇದು ತಕ್ಷಣ ಹಿಡಿಸಿತು. ಅವರು ಹೊನ್ನಾಳಿಯವರು. “ನಾವು ಯಾವತ್ತೂ ದುರ್ಗದೋರಲ್ಲ ಬಿಡ್ರಿ” ಅಂದರು. ಸಂಖ್ಯೆಗಳಲ್ಲಿ ಒಂದು ಚಿಕ್ಕದಲ್ಲ ಅಂದರೆ ಇನ್ನೊಂದು ಚಿಕ್ಕದು ಅಥವಾ ಸಮ ಆಗಲೇಬೇಕು. ಗಣಗಳಲ್ಲಿ ಆ ಕಟ್ಟುಪಾಡಿಲ್ಲ. ಎಣಿಕೆ ಪೂರ್ತಿ ದಂಡವೂ ಅಲ್ಲ. ಏಳು ಬೇಕಾದಲ್ಲಿ ಐದೇ ಬಂದಿದ್ದರೆ ಒಂದೊಂದಾಗಿ ನೋಡದೆಯೇ ‘ಇಲ್ಲ’ ಅನ್ನಬಹುದು. ಎರಡು ಸೆಟ್‌ಗಳನ್ನು ಹೋಲಿಸುವಾಗ ಪೈಥಾನ್ ಕೂಡ ಒಳಗೆ ಮೊದಲು ಇದನ್ನೇ ನೋಡುತ್ತದೆ. ‘ಇಲ್ಲ’ ಅನ್ನಲು ಎಣಿಕೆ ಸಾಕಾಗಬಹುದು, ‘ಹೌದು’ ಅನ್ನಲು ಸಾಲದು.

ಮಂಗಳವಾರ ಮತ್ತೆ ಫೋನ್.

“ಈಗ ಇನ್ನೊಂದು ಥರ ಆಗೈತಿ. ಆಧಾರ್ ಕಾರ್ಡ್ ಇಲ್ಲೇ ನನ್ ಕೈಯಾಗೈತಿ, ಪರದೆ ಮೇಲೂ ಕಾಣ್ತೈತಿ. ಕೆಂಪು ಅಂತೈತಿ.”

ನಾನು ಫೋನಿನಲ್ಲೇ ಹತ್ತು ಪ್ರಶ್ನೆ ಕೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: “ಅದೆಲ್ಲ ಬಿಡು. ಏನ್ ಬಾಕಿ ಐತಿ ಅಂತ ಹೇಳಲ್ವಾ ಅದು?”

ಹೇಳುತ್ತಿರಲಿಲ್ಲ. ಹೌದು ಅಥವಾ ಇಲ್ಲ, ಹಸಿರು ಅಥವಾ ಕೆಂಪು, ನಾನು ಬರೆದಿದ್ದು ಅಷ್ಟೇ. ಇಪ್ಪತ್ತು ವರ್ಷ ಆ ಕಿಟಕಿಯಲ್ಲಿ ಕೂತ ಅಕ್ಕ ಯಾರನ್ನೂ ‘ಎಲ್ಲ ಇದೆಯಾ’ ಅಂತ ಕೇಳಿದ್ದನ್ನು ನಾನು ನೋಡಿಲ್ಲ. ಕಾಗದ ತಿರುವುತ್ತಾ ಪೆನ್ಸಿಲಿನಲ್ಲಿ ಟಿಕ್ ಹಾಕಿ, ‘ಏನ್ ಬಾಕಿ’ ಅಂತ ನೋಡುತ್ತಾರೆ. ಬಾಕಿ ಏನೂ ಇಲ್ಲದಿದ್ದರೆ ಎಲ್ಲ ಇದೆ ಅಂತಲೇ ಅರ್ಥ. ಗಣಿತದಲ್ಲಿ ಇದಕ್ಕೆ ಗಣಗಳ ವ್ಯತ್ಯಾಸ ಅನ್ನುತ್ತಾರೆ. ಪೈಥಾನ್‌ನಲ್ಲಿ ಬರೀ ಒಂದು ಕಳೆಯುವ ಗುರುತು:

ಬಾಕಿ = ಬೇಕು - ಕೊಟ್ಟ

ಬಾಕಿ ಖಾಲಿ ಇದ್ದರೆ ಉಪಗಣ. ಖಾಲಿ ಇಲ್ಲದಿದ್ದರೆ ಏನು ತರಬೇಕು ಅನ್ನುವುದು ಅಲ್ಲೇ ಕೂತಿರುತ್ತದೆ. ಒಂದೇ ಒಂದು ಕೊರತೆ ಸಿಕ್ಕರೂ ಉಪಗಣದ ಪ್ರಶ್ನೆ ಅಲ್ಲೇ ನಿಂತುಬಿಡಬಹುದು, ವ್ಯತ್ಯಾಸ ಎಲ್ಲವನ್ನೂ ನೋಡಲೇಬೇಕು. ಲಕ್ಷಾಂತರ ಸಾಲಿನ ಕಡೆ ಆ ಲೆಕ್ಕಕ್ಕೆ ಬೆಲೆ ಇದೆ. ಏಳು ಕಾಗದಕ್ಕೆ ಅದನ್ನು ಯಾರು ನೋಡುತ್ತಾರೆ?

ಆ ಸಾಲು ಹಾಕಿ ಓಡಿಸಿದ ಕೂಡಲೇ ಬಂತು: ಬಾಕಿ, ಆಧಾರ್ ಕಾರ್ಡ್. ಅದರ ಮೇಲಿನ ಸಾಲಿನಲ್ಲಿ, ಕೊಟ್ಟದ್ದು: ಆಧಾರ್ ಕಾರ್ಡ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ. ‘ಕಾರ್ಡ್’ ಅನ್ನುವ ಪದದ ಉದ್ದ ಎಷ್ಟು ಅಂತ ಕಂಪ್ಯೂಟರನ್ನೇ ಕೇಳಿದೆ. ಒಂದರಲ್ಲಿ 6, ಇನ್ನೊಂದರಲ್ಲಿ 7.

ಕ, ದೀರ್ಘ, ರ, ವಿರಾಮ, ಡ, ವಿರಾಮ. ಆರು ಸರಿ. ಏಳನೆಯದು ಕಾಣದ ಗುರುತು, ಕನ್ನಡ ಟೈಪ್ ಮಾಡುವವರಿಗೆಲ್ಲ ಗೊತ್ತಿಲ್ಲದೆಯೇ ಪರಿಚಯ ಇರುವಂಥದ್ದು. ‘ಪಾಸ್‌ಬುಕ್’ ಅಂತ ಬರೆಯುವಾಗ ಸ್ ಮತ್ತು ಬು ಒತ್ತಕ್ಷರವಾಗಿ ಅಂಟಿಕೊಳ್ಳಬಾರದು ಅಂತ ಮಧ್ಯೆ ಒಂದು ಅಗಲವೇ ಇಲ್ಲದ ಬೇಲಿ ಹಾಕುತ್ತೇವೆ. ಯೂನಿಕೋಡ್‌ನಲ್ಲಿ ಅದರ ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್. ಪದದ ಮಧ್ಯೆ ಅದು ಬೇಕೇ ಬೇಕು. ಪದದ ಕೊನೆಯಲ್ಲಿ ಸುಮ್ನೆ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಹೊಸದಾಗಿ ಸೇರಿದ್ದ ಕಿರಿಯ ಗುಮಾಸ್ತರ ಕಂಪ್ಯೂಟರಿನಲ್ಲಿದ್ದ ಕೀಬೋರ್ಡ್ ಪದದ ಕೊನೆಯ ಅರ್ಧಾಕ್ಷರಕ್ಕೂ ಆ ಬೇಲಿ ಹಾಕುತ್ತಿತ್ತು. ಅಕ್ಕನ ಕೀಬೋರ್ಡ್ ಹಾಕುತ್ತಿರಲಿಲ್ಲ. ಹಾಗಾಗಿ ಒಬ್ಬರು ಟೈಪ್ ಮಾಡಿದರೆ ಹಸಿರು, ಇನ್ನೊಬ್ಬರು ಮಾಡಿದರೆ ಕೆಂಪು. ಪಾಪ, ಆ ಗುಮಾಸ್ತ ಹುಡುಗ ಎರಡು ದಿನ ತನ್ನದೇ ತಪ್ಪು ಅಂದುಕೊಂಡಿದ್ದನಂತೆ.

ಪದದ ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಇದನ್ನು ಮುಟ್ಟುವುದಿಲ್ಲ. ಅದರ ಲೆಕ್ಕದಲ್ಲಿ ಇದು ಖಾಲಿ ಜಾಗ ಅಲ್ಲ. ಯೂನಿಕೋಡ್‌ನ ನಾರ್ಮಲೈಸೇಷನ್ ಕೂಡ ಇದನ್ನು ತೆಗೆಯುವುದಿಲ್ಲ. ಅದು ಪರಿಹರಿಸುವುದು ಬೇರೆ ಸಂಕಟವನ್ನು. ‘ಫೋಟೋ’ ಅನ್ನುವ ಪದವನ್ನು 4 ಸಂಕೇತಗಳಲ್ಲಿ ಬರೆಯಬಹುದು. ಓಕಾರವನ್ನು ಎ, ಊ, ದೀರ್ಘದ ಚಿಹ್ನೆಗಳಾಗಿ ಬಿಡಿಸಿ ಬರೆದರೆ ಅದೇ ಪದ 8 ಸಂಕೇತ ಆಗುತ್ತದೆ. ಕಣ್ಣಿಗೆ ಎರಡೂ ಒಂದೇ, ಸೆಟ್‌ಗೆ ಎರಡೂ ಬೇರೆ. ಇದನ್ನು ನಾರ್ಮಲೈಸ್ ಮಾಡಿ ಒಂದಾಗಿಸಬಹುದು. ಇದರಲ್ಲೊಂದು ತಮಾಷೆ ಇದೆ. ಕನ್ನಡದಲ್ಲಿ ಇಟ್ಟ ವೇರಿಯಬಲ್ ಹೆಸರುಗಳನ್ನು ಪೈಥಾನ್ ತಾನೇ ನಾರ್ಮಲೈಸ್ ಮಾಡಿಕೊಳ್ಳುತ್ತದೆ, ಉಲ್ಲೇಖ ಚಿಹ್ನೆಯ ಒಳಗಿನ ಪದಗಳನ್ನು ಮಾತ್ರ ಇದ್ದ ಹಾಗೇ ಬಿಡುತ್ತದೆ. ನನ್ನ ಪ್ರೋಗ್ರಾಮಿನ ಹೆಸರುಗಳು ಕ್ಷೇಮ, ಅಕ್ಕನ ದಾಖಲೆಗಳು ಅನಾಥ.

ಬೇಲಿ ತೆಗೆದೆ, ನಾರ್ಮಲೈಸ್ ಮಾಡಿದೆ. ಸಂಜೆಯೊಳಗೆ ‘ಟಿ.ಸಿ’, ‘ಟಿ.ಸಿ.’, ‘ಟೀಸಿ’, ‘ವರ್ಗಾವಣೆ ಪತ್ರ’ ನಾಲ್ಕೂ ಬಂದವು. ‘ಫೋಟೊ’, ‘ಫೋಟೋ’ ಎರಡೂ ಬಂದವು. ಇದಕ್ಕೆ ಯಾವ ಯೂನಿಕೋಡೂ ಔಷಧಿ ಕೊಡುವುದಿಲ್ಲ. ಕೊನೆಗೆ ಟೈಪ್ ಮಾಡುವುದನ್ನೇ ನಿಲ್ಲಿಸಿದೆ. ಪ್ರತಿ ದಾಖಲೆಗೆ ಒಂದು ಸಂಖ್ಯೆ, ಪರದೆಯ ಮೇಲೆ ಒಂದು ಚೌಕ. ಗುಮಾಸ್ತರು ಚೌಕಕ್ಕೆ ಟಿಕ್ ಹಾಕುತ್ತಾರೆ. ಅಕ್ಕನ ಪೆನ್ಸಿಲ್ ಪಟ್ಟಿಯೇ ಪರದೆಗೆ ಬಂತು. ಇದನ್ನು ನಾನು ಮೊದಲ ದಿನವೇ ಮಾಡಬೇಕಿತ್ತು, ಒಪ್ಪಿಕೊಳ್ಳುತ್ತೇನೆ.

ಸಂಖ್ಯೆ ಕೊಟ್ಟ ಮೇಲೆ ಒಂದು ಹಳೇ ಚಮತ್ಕಾರಕ್ಕೆ ದಾರಿಯಾಗುತ್ತದೆ. ದಾಖಲೆಗಳಿಗೆ 1, 2, 4, 8 ಹೀಗೆ ದುಪ್ಪಟ್ಟು ಮಾಡುತ್ತಾ ಬೆಲೆ ಕೊಟ್ಟರೆ ಇಡೀ ಗಣ ಒಂದೇ ಸಂಖ್ಯೆಯಾಗುತ್ತದೆ. ಬೇಕಾದದ್ದು 1, 4, 8 ಆದರೆ ಮೊತ್ತ 13. ಕೊಟ್ಟದ್ದು ನಾಲ್ಕೂ ಆದರೆ 15. ಎರಡನ್ನೂ ಬಿಟ್‌ಗಳ ಮಟ್ಟದಲ್ಲಿ ‘ಆಂಡ್’ ಮಾಡಿದರೆ, ಅಂದರೆ ಎರಡರಲ್ಲೂ ಇರುವ ಬೆಲೆಗಳನ್ನಷ್ಟೇ ಉಳಿಸಿಕೊಂಡರೆ, ಮತ್ತೆ 13 ಬರುತ್ತದೆ, ಅಂದರೆ ಉಪಗಣ. ಬಹಳ ವೇಗ. ಆಫೀಸಿಗೆ ಅಷ್ಟು ವೇಗ ಬೇಕಿರಲಿಲ್ಲ, ಹಾಕಲಿಲ್ಲ.

ಬುಧವಾರ ಫೋನ್ ಬರಲಿಲ್ಲ. ಗುರುವಾರ ನಾನೇ ಹೋದೆ, ಸುಮ್ನೆ ನೋಡಿಕೊಂಡು ಬರೋಣ ಅಂತ. ಎಲ್ಲ ಹಸಿರು. ಜಾಸ್ತಿಯೇ ಹಸಿರು. ಆ ವರ್ಷ ಹೊಸದಾಗಿ ಶುರುವಾದ ಒಂದು ಕೋರ್ಸಿಗೆ ಬಂದವರಲ್ಲಿ ಒಬ್ಬನಿಗೂ ಕೆಂಪು ಬಂದಿರಲಿಲ್ಲ. ಬರೀ ಫೋಟೊ ಕೊಟ್ಟು ಹೋದವನಿಗೂ ‘ಬಾಕಿ ಏನೂ ಇಲ್ಲ’ ಅಂತ ರಸೀದಿ ಹೋಗಿತ್ತು.

ಎದೆ ಧಸಕ್ ಅಂದದ್ದು ಇಲ್ಲಿ. ಮೊದಲಿನ ತಪ್ಪುಗಳಲ್ಲಿ ಕೆಲವರಿಗೆ ತೊಂದರೆಯಾಗಿತ್ತು. ಇಲ್ಲಿ ಇಡೀ ಕೋರ್ಸಿಗೆ ಬಾಗಿಲೇ ಇರಲಿಲ್ಲ. ಕಾರಣ ಚಿಕ್ಕದು. ಆ ಕೋರ್ಸಿನ ಹೆಸರು ಒಂದು ಕಡತದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇತ್ತು. ‘ಈ ಕೋರ್ಸಿನ ಪಟ್ಟಿ ಕೊಡು, ಸಿಗದಿದ್ದರೆ ಖಾಲಿ ಸೆಟ್ ಕೊಡು’ ಅಂತ ನಾನೇ ಬರೆದಿದ್ದೆ. ಪ್ರೋಗ್ರಾಂ ಮಧ್ಯೆ ನಿಲ್ಲಬಾರದು ಅನ್ನುವ ಒಳ್ಳೆಯ ಉದ್ದೇಶ. ಪಟ್ಟಿ ಸಿಗಲಿಲ್ಲ, ಖಾಲಿ ಸೆಟ್ ಬಂತು. ಖಾಲಿ ಗಣ ಎಲ್ಲ ಗಣಗಳ ಉಪಗಣ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆದಿದ್ದೆ.

ಅಕ್ಕನಿಗೆ ಇದು ಒಪ್ಪಿಗೆಯಾಗಲಿಲ್ಲ. “ಏನೂ ಇಲ್ದಿದ್ದು ಎಲ್ಲದ್ರಾಗೂ ಐತಿ ಅಂದ್ರೆ ಹೆಂಗೆ?”

“ಅಕ್ಕಾ, ಸಾಲದ ಅಂಗಡಿ ನೆನಪು ಮಾಡ್ಕೊಳ್ಳಿ. ನೀವು ಏನೂ ಸಾಲ ತಂದಿಲ್ಲ. ಈಗ ಎಷ್ಟು ಬಾಕಿ?”

“ಏನೂ ಇಲ್ಲ.”

“ಜೇಬಲ್ಲಿ ದುಡ್ಡಿರಲಿ, ಇಲ್ಲದಿರಲಿ?”

“ಏನೂ ಇಲ್ಲ ಬಿಡಪ್ಪಾ.”

ಏನನ್ನೂ ಕೇಳದಿದ್ದರೆ ಏನೂ ಬಾಕಿ ಇರುವುದಿಲ್ಲ. ಗಣಿತ ಹೇಳುವುದು ಸರಿ. ತಪ್ಪಿದ್ದು ‘ಪಟ್ಟಿ ಸಿಗಲಿಲ್ಲ’ ಅನ್ನುವುದನ್ನು ‘ಪಟ್ಟಿಯಲ್ಲಿ ಏನೂ ಇಲ್ಲ’ ಅಂತ ತಿಳಿದ ನಾನು. ಈಗ ಪಟ್ಟಿ ಸಿಗದಿದ್ದರೆ ಪ್ರೋಗ್ರಾಂ ನಿಂತುಬಿಡುತ್ತದೆ. ರಸೀದಿಯ ಮೇಲೆ ‘ಬೇಕಾದ ದಾಖಲೆ ಎಷ್ಟು’ ಅಂತಲೂ ಬರುತ್ತದೆ. ಅಲ್ಲಿ ಸೊನ್ನೆ ಕಂಡರೆ ಯಾರಾದರೂ ಕೇಳುತ್ತಾರೆ.

ಬೆಂಗಳೂರಿನ ಗೆಳೆಯನಿಗೆ ಇದನ್ನೆಲ್ಲ ಹೇಳಿದಾಗ, “ಡೇಟಾಬೇಸ್‌ನಲ್ಲಿ ಮಾಡಬೇಕಿತ್ತು ನೀನು” ಅಂದ. ಅವನ ಮಾತಿನಲ್ಲೂ ಹುರುಳಿದೆ. ಮಾಹಿತಿಯನ್ನು ಕೋಷ್ಟಕಗಳಾಗಿ ಇಡುವ ರಿಲೇಷನಲ್ ಮಾದರಿಯನ್ನು 1970ರಲ್ಲಿ ಮುಂದಿಟ್ಟ ಎಡ್ಗರ್ ಕಾಡ್ ಇದೇ ಕೆಲಸಕ್ಕೆ ಭಾಗಾಕಾರ ಅಂತ ಒಂದು ಕ್ರಿಯೆಯನ್ನೇ ಇಟ್ಟಿದ್ದರು. ಡೇಟಾಬೇಸನ್ನು ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್‌ಗೆ ಮಾತ್ರ ಅದು ಬರಲಿಲ್ಲ. ಅಲ್ಲಿ ಎರಡು ‘ಇಲ್ಲ’ ಸೇರಿಸಿ ಕೇಳಬೇಕು: ಬೇಕಾದ ದಾಖಲೆಗಳಲ್ಲಿ ಈ ವಿದ್ಯಾರ್ಥಿ ಕೊಟ್ಟಿಲ್ಲದ್ದು ಒಂದೂ ಇಲ್ಲವಾ? ಓದುವವರಿಗೆ ತಲೆ ತಿರುಗುತ್ತದೆ, ಆದರೆ ಅಕ್ಕನ ‘ಏನ್ ಬಾಕಿ’ ಇದೇ. ಇನ್ನು ಕೆಲವರು ಎಣಿಸಿ ನೋಡುತ್ತಾರೆ. ಬೇಕಾದವುಗಳ ಜೊತೆ ಹೊಂದುವ ಸಾಲು ಏಳು ಇವೆಯಾ ಅಂತ. ಒಂದೇ ದಾಖಲೆ ಎರಡು ಸಲ ದಾಖಲಾಗಿದ್ದರೆ ಆರು ಕೊಟ್ಟವನೂ ಏಳಾಗುತ್ತಾನೆ. ಎಣಿಸುವ ಮುಂಚೆ, ಎರಡು ಸಲ ಬಂದದ್ದನ್ನು ಒಂದೇ ಅಂತ ಹಿಡಿಯುವ ಡಿಸ್ಟಿಂಕ್ಟ್ ಹಾಕಲೇಬೇಕು.

ಎರಡು ಸಲ ಬರುವ ವಿಷಯ ನಮ್ಮಲ್ಲಿ ಉಲ್ಟಾ ಕಾಡಿತು. ಫೋಟೊ 4 ಬೇಕು, ಅಂಕಪಟ್ಟಿಯ ಜೆರಾಕ್ಸ್ 2 ಬೇಕು. ಸೆಟ್‌ಗೆ ಒಂದೇ ವಸ್ತು ಎರಡು ಸಲ ಅನ್ನುವುದು ಗೊತ್ತೇ ಇಲ್ಲ. ಒಂದು ಫೋಟೊ ಕೊಟ್ಟರೂ ಫೋಟೊ ಇದೆ ಅನ್ನುತ್ತದೆ. ಇಲ್ಲಿ ಬೇಕಾದದ್ದು ಎಣಿಕೆ ಇಟ್ಟುಕೊಳ್ಳುವ ಗಣ. ಪೈಥಾನ್‌ನಲ್ಲಿ ಅದಕ್ಕೆ ಕೌಂಟರ್ ಅಂತಲೇ ಹೆಸರು. ಫೀ ಕಟ್ಟುವ ಕೌಂಟರ್ ಅಲ್ಲ ಅಂತ ಎರಡು ಸಲ ಹೇಳಬೇಕಾಯಿತು. 3.10 ಆವೃತ್ತಿಯಿಂದ ಎರಡು ಕೌಂಟರ್‌ಗಳ ನಡುವೆಯೂ ಅದೇ ಹಳೇ ಗುರುತು ಇಟ್ಟು ಕೇಳಬಹುದು. ಆಫೀಸಿನ ಕಂಪ್ಯೂಟರ್ ವಿಂಡೋಸ್ 7. ಅದರ ಮೇಲೆ ಓಡುವುದು 3.8ರವರೆಗೆ ಮಾತ್ರ. ಆದರೆ ಕಳೆಯುವ ಗುರುತು ಹಳೆಯದರಲ್ಲೂ ಇದೆ, ಉಳಿಕೆ ಸೊನ್ನೆಗಿಂತ ಜಾಸ್ತಿ ಇದ್ದದ್ದನ್ನು ಮಾತ್ರ ಅದು ಇಟ್ಟುಕೊಳ್ಳುತ್ತದೆ. 4 ಬೇಕಾದಲ್ಲಿ 6 ಫೋಟೊ ಕೊಟ್ಟರೆ ಋಣ ಸಂಖ್ಯೆ ಬರುವುದಿಲ್ಲ, ಸಾಲೇ ಮಾಯವಾಗುತ್ತದೆ. ಅಕ್ಕ ಹೇಳಿದ ದಾರಿ ಇಲ್ಲೂ ಕೈ ಹಿಡಿಯಿತು. ‘ಬಾಕಿ’ಯ ಸಾಲನ್ನು ಒಂದು ಅಕ್ಷರವೂ ಬದಲಾಯಿಸದೆ ಸೆಟ್ ಇದ್ದಲ್ಲಿ ಕೌಂಟರ್ ಇಟ್ಟೆ.

‘ರೇಷನ್ ಕಾರ್ಡ್ ಅಥವಾ ವೋಟರ್ ಐಡಿ’ ಅನ್ನುವ ಥರದವು ಉಪಗಣದ ಪ್ರಶ್ನೆಯೇ ಅಲ್ಲ. ಅವನ್ನು ಚಿಕ್ಕ ಗುಂಪುಗಳಾಗಿ ಬೇರೆ ಇಟ್ಟೆ. ಪ್ರತಿ ಗುಂಪಿನಿಂದ ಒಂದಾದರೂ ಕೊಟ್ಟದ್ದರಲ್ಲಿ ಇರಬೇಕು. ಹರಪನಹಳ್ಳಿ ಕಡೆಯಿಂದ ಬರುವವರಿಗೆ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರದ ವಿಷಯ ಬೇರೆ ಇರುತ್ತದೆ. ಅವರ ‘ಬೇಕು’ ಪಟ್ಟಿಗೆ ಅದನ್ನು ಮೊದಲೇ ಸೇರಿಸಿ, ಆಮೇಲೆ ಕಳೆಯುವುದು.

ಶುಕ್ರವಾರದಿಂದ ಅಕ್ಕ ಎರಡೂ ಕಡೆ ನೋಡಿದರು, ಪೆನ್ಸಿಲ್ ಪಟ್ಟಿಯಲ್ಲೂ ಪರದೆಯಲ್ಲೂ. ನನ್ನ ಮೇಲೆ ಅಷ್ಟು ನಂಬಿಕೆ. ಎಂಟು ದಿನ ಎರಡೂ ತಾಳೆಯಾದವು. ಒಂಬತ್ತನೇ ದಿನ ಚನ್ನಗಿರಿಯ ಒಬ್ಬ ಹುಡುಗನ ರಸೀದಿಯಲ್ಲಿ ‘ಬಾಕಿ: ಫೋಟೊ 1’ ಅಂತ ಬಂತು. ಅಕ್ಕನ ಪಟ್ಟಿಯಲ್ಲಿ ನಾಲ್ಕಕ್ಕೂ ಟಿಕ್ ಇತ್ತು. ನನಗೆ ಫೋನ್ ಹೋಯಿತು, ನಾನು ಅರ್ಧ ಗಂಟೆ ಕೋಡ್ ಓದಿದೆ. ಅಷ್ಟರಲ್ಲಿ ಕಿರಿಯ ಗುಮಾಸ್ತರು ಕವರ್ ತೆಗೆದು ಮೇಜಿನ ಮೇಲೆ ಸುರಿದರು. ಮೂರೇ ಫೋಟೊ. ಅಕ್ಕ ಅದರಲ್ಲಿ ಒಂದನ್ನು ಎತ್ತಿ ಉಗುರಿನಿಂದ ಅಂಚು ಬಿಡಿಸಿದರು. ಮಳೆಯಲ್ಲಿ ನೆನೆದು ಎರಡು ಅಂಟಿಕೊಂಡಿದ್ದವು.